ಇಲ್ಲ ಎಂದಾದರೂ ಹೇಳಿ

ಮೊನ್ನೆ ಮಧ್ಯಾಹ್ನ ಫೋನಿನಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡರು. ಹೆಸರು ಹೇಳುವ ಮೊದಲೇ ನನಗೆ ಗುರುತು ಸಿಕ್ಕಿತು. ಮೊದಲು ಸಣ್ಣದಾಗಿ, ಆಮೇಲೆ ದೊಡ್ಡದಾಗಿ, ನಂತರ ಮಾತು. ಕೆಲವರ ಮುಖ ಮರೆತರೂ ಕೆಮ್ಮು ಮರೆಯುವುದಿಲ್ಲ ನೋಡಿ. ಕೆಲವು ವರ್ಷಗಳ ಹಿಂದೆ ಇದೇ ಗಂಟಲು ನನ್ನನ್ನು ಸಂದರ್ಶನ ಮಾಡಿತ್ತು. ಈಗ ಅವರು ಏಕೆ ಫೋನ್ ಮಾಡಿದ್ದರು ಎಂಬುದನ್ನು ಹೇಳುತ್ತೇನೆ. ಆದರೆ ಹಿಂದಿನದು ತಿಳಿಯದಿದ್ದರೆ ನನ್ನ ಸಿಟ್ಟು ನಿಮಗೆ ಅತಿ ಎನಿಸೀತು.

ನಾನು ಮೂಡಿಗೆರೆಯಲ್ಲಿ ಪತ್ರಿಕೆಯೊಂದರ ವರದಿಗಾರ್ತಿ. ಆನೆ, ಕಾಫಿ ದರ, ಕುಸಿದ ರಸ್ತೆ, ಇವೇ ನನ್ನ ದಿನಚರಿ. ಅಂಥದೇ ಒಂದು ಕುಸಿದ ರಸ್ತೆ ನೋಡಲು ಸಂಸೆ ಕಡೆಗೆ ಹೋದಾಗ, ಜೀಪು ಸಿಗದೆ ಒಂದು ಸಣ್ಣ ದೇವಸ್ಥಾನದ ಜಗಲಿಯಲ್ಲಿ ಕುಳಿತೆ. ಅಲ್ಲಿ ಹೂ ಕೇಳುತ್ತಾರೆ. ಭಟ್ಟರು ದೇವರ ಮೈಮೇಲೆ ಒದ್ದೆ ಹೂವು ಅಂಟಿಸುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಬಾಳೂರಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು ಮಗಳ ಸಂಬಂಧ ಕೇಳಲು ಬಂದಿದ್ದರು. ಹೂವು ಎಡಕ್ಕೆ ಬಿತ್ತು. ಅವರು ಏಳಲಿಲ್ಲ. ದೇವರನ್ನೇ ನೋಡುತ್ತಾ, "ಈ ಹುಡ್ಗ ಬೇಡ ಅಂದ್ಯಾ, ಈ ವರ್ಷ ಬೇಡ ಅಂದ್ಯಾ? ಸರಿಯಾಗಿ ಹೇಳು ಮಾರಾಯ" ಎಂದರು. ಭಟ್ಟರು ನಗದೆ ಇನ್ನೊಂದು ಹೂವು ತೆಗೆದುಕೊಂಡರು.

ಆ ದಿನ ರಸ್ತೆಯ ಸುದ್ದಿ ಬರೆದು ಕಳಿಸಿದೆ; ತಲೆಯಲ್ಲಿ ಉಳಿದದ್ದು ರೈಟರು. ಇಲ್ಲ ಎಂಬ ಉತ್ತರ ಸಿಕ್ಕ ಮೇಲೆ ಜನ ಏನು ಮಾಡುತ್ತಾರೆ? ಪ್ರಶ್ನೆ ಬದಲಿಸುತ್ತಾರೋ, ಬದುಕು ಬದಲಿಸುತ್ತಾರೋ? ಇದನ್ನು ನಾಲ್ಕು ಕಾಲಮ್ಮಿನಲ್ಲಿ ಮುಗಿಸಲಾಗದು ಅನ್ನಿಸಿತು. ಒಂದು ವಿಶ್ವವಿದ್ಯಾಲಯದ ಧರ್ಮ ಅಧ್ಯಯನ ವಿಭಾಗಕ್ಕೆ ಪಿಎಚ್.ಡಿ.ಗೆಂದು ಅರ್ಜಿ ಹಾಕಿದೆ. ಅದರ ಹೆಸರು ಬರೆಯುವುದಿಲ್ಲ. ಎದುರು ಪಕ್ಷದ ಹೇಳಿಕೆ ಪಡೆಯದೆ ಹೆಸರು ಹಾಕಬಾರದೆಂದು ಕಲಿತವಳು ನಾನು.

ಸಂದರ್ಶನ ವಿಡಿಯೊದಲ್ಲಿ ನಡೆಯಿತು. ಬಣಕಲ್‌ನಲ್ಲಿ ನಮ್ಮಪ್ಪನ ಅಂಗಡಿ ಇದೆ. ಟಾರ್ಪಾಲು, ಹಗ್ಗ, ಗೋಣಿಚೀಲ. ಅದರ ಮೇಲಿನ ಕೋಣೆಯಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆಂದು ಅಲ್ಲಿ ಕುಳಿತೆ. ಎಂದೂ ಇಸ್ತ್ರಿ ಕಾಣದ ನನ್ನ ಕಾಟನ್ ಸೀರೆ ಅಂದು ಕಂಡಿತ್ತು. ಎದುರಿಗೆ ಇಬ್ಬರು ಪ್ರಾಧ್ಯಾಪಕರು. ಗಂಟಲಿನವರು ಹಿರಿಯರು, ಅವರ ಮೊದಲ ಪ್ರಶ್ನೆ ನನ್ನ ಹಿಂದಿನ ಗೋಡೆಯ ಬಗ್ಗೆ.

"ಹಿಂದೆ ಶಿವನ ಫೋಟೋ ಇದೆ. ಮನೆದೇವರೋ?"

"ಅದು ಗೊಬ್ಬರದವರು ಕೊಟ್ಟ ಕ್ಯಾಲೆಂಡರು, ಸರ್."

"ಅಂದ್ರೆ ಶೈವರು ನೀವು. ಈ ಹೂವಿನಲ್ಲಿ ನಿಮಗೆ ನಂಬಿಕೆ ಇದೆಯೋ?" ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು. "ಇದ್ದರೆ ಸಂಶೋಧನೆ ಹೇಗೆ ಮಾಡ್ತೀರಿ? ಇಲ್ಲದಿದ್ದರೆ ಹೂ ಕೇಳುವವರ ಮನಸ್ಸು ನಿಮಗೆ ಹೇಗೆ ತಿಳಿಯುತ್ತೆ?"

"ನಾನು ಚುನಾವಣೆ ವರದಿ ಮಾಡ್ತೀನಿ ಸರ್. ಓಟೂ ಹಾಕ್ತೀನಿ."

ಅವರು ನಗಲಿಲ್ಲ. ಅವರ ಜೊತೆಗಿದ್ದ ಪ್ರಾಧ್ಯಾಪಕಿ, "ಮದುವೆ ಯೋಚನೆ ಏನಾದರೂ ಇದೆಯಾ? ನಡುವೆ ಬಿಟ್ಟು ಹೋಗ್ತಾರೆ ಹುಡುಗಿಯರು" ಎಂದರು. ಇಷ್ಟು ವರ್ಷ ಪ್ರಶ್ನೆ ಕೇಳಿಯೇ ಅನ್ನ ತಿಂದಿದ್ದೇನೆ. ಮಂತ್ರಿಗಳಿಗೂ ಇಂಥ ಪ್ರಶ್ನೆ ಹಾಕಿಲ್ಲ. ಹಾಕಿದ್ದರೆ ಅವರು ಎದ್ದು ಹೋಗುತ್ತಿದ್ದರು. ನಾನು ಏಳಲಿಲ್ಲ. ಸೀಟು ಬೇಕಿತ್ತು. "ಇಲ್ಲ ಮೇಡಂ" ಎಂದೆ, ತಪ್ಪು ಮಾಡಿ ಸಿಕ್ಕಿಬಿದ್ದವಳ ಧ್ವನಿಯಲ್ಲಿ.

ಕೊನೆಗೆ ಗಂಟಲಿನವರು ತೀರ್ಪು ಕೊಟ್ಟರು. "ಇದು ತೀರಾ ಸ್ಥಳೀಯ ವಿಷಯ. ಹಳ್ಳಿಯ ರೂಢಿ. ಇದರಲ್ಲಿ ಧರ್ಮ ಎಲ್ಲಿದೆ? ಇರಲಿ, ಸದ್ಯದಲ್ಲೇ ತಿಳಿಸ್ತೇವೆ."

ಸದ್ಯ ಎಂದರೆ ಎಷ್ಟು ಎಂದು ಅವತ್ತು ಕೇಳಬೇಕಿತ್ತು. ಸಂದರ್ಶನದ ಹೊತ್ತಿಗೆ ತೋಟಗಳಲ್ಲಿ ಹಣ್ಣು ಕೊಯ್ಲು ನಡೆದಿತ್ತು. ಕೊಯ್ಲು ಮುಗಿದು, ಕಣದಲ್ಲಿ ಕಾಫಿ ಒಣಗಿ, ಗಿಡ ಅರಳಿಸುವ ಹೂಮಳೆಯೂ ಬಂದು ಹೋಯಿತು. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ನನ್ನ ಹೆಸರಿನ ಮುಂದೆ 'ಪರಿಶೀಲನೆಯಲ್ಲಿದೆ' ಎಂದೇ ಇತ್ತು. ಫೋನ್ ಮಾಡಿದರೆ ಒಮ್ಮೆ ಸಮಿತಿ ಕೂತಿಲ್ಲ, ಇನ್ನೊಮ್ಮೆ ಕೂತಿದೆ, ಸಹಿ ಆಗಿಲ್ಲ. ಆ ನಡುವೆಯೇ ನಮ್ಮ ಪತ್ರಿಕೆ ನನ್ನನ್ನು ಚಿಕ್ಕಮಗಳೂರಿನ ಕಚೇರಿಗೆ ಮುಖ್ಯ ವರದಿಗಾರ್ತಿಯಾಗಿ ಕರೆಯಿತು. ಸೀಟು ಸಿಕ್ಕರೆ ಬಿಟ್ಟು ಹೋಗಬೇಕಲ್ಲ ಎಂದು ಸ್ವಲ್ಪ ಸಮಯ ಕೇಳಿದೆ. ಅವರು ಕೊಟ್ಟರು, ಆಮೇಲೆ ಹುದ್ದೆಯನ್ನು ಬೇರೆಯವರಿಗೆ ಕೊಟ್ಟರು. ಅವರನ್ನು ದೂರಲಾರೆ. ಅವರು ಕನಿಷ್ಠ ಕರೆದು ಹೇಳಿದರು.

ಅಮ್ಮ ಒಂದು ದಿನ ಮೆಲ್ಲಗೆ, "ಸಂಸೆಗೆ ಹೋಗಿ ಹೂ ಕೇಳೋಣ್ವಾ?" ಎಂದಳು. ಅಧ್ಯಯನದ ವಿಷಯವನ್ನು ಸ್ವಂತಕ್ಕೆ ಬಳಸಬಾರದೆಂದು ಅಡುಗೆಮನೆಯಲ್ಲಿ ನಿಂತು ದೊಡ್ಡ ಉಪನ್ಯಾಸ ಕೊಟ್ಟೆ. ಸೀಟೇ ಸಿಗದ ಸಂಶೋಧಕಿಯ ಶೀಲ ನೋಡಿ! ಅಪ್ಪ ಮಾತ್ರ ನನಗಿಂತ ಹೆಚ್ಚು ಕೆರಳಿದ್ದರು.

"ಸಾಮಾನು ಇಲ್ದಿದ್ರೆ ಗಿರಾಕಿಗೆ ಇಲ್ಲ ಅಂತ ಹೇಳ್ಬೇಕು. ನಿಲ್ಸಿಟ್ಟು ಒಳಗೆ ಹೋಗಿ ಮಲಗೋದಾ? ನಾವ್ ಹಂಗ್ ಮಾಡಿದ್ರೆ ಬಾಗ್ಲು ಮುಚ್ಚಬೇಕಿತ್ತು."

ಮುಂದೆ ಒಂದು ದಿನ ಜಾಲತಾಣದಿಂದ ನನ್ನ ಹೆಸರೂ ಹೋಯಿತು. ಪತ್ರವಿಲ್ಲ, ಮೇಲ್ ಇಲ್ಲ. ಜನ "ಏನಾಯ್ತು?" ಎಂದು ಕೇಳುವುದನ್ನು ಬಿಟ್ಟರು. ನಾನು ಬಿಡಲಿಲ್ಲ, ಒಳಗೊಳಗೇ ಕೇಳುತ್ತಿದ್ದೆ.

ಮೊನ್ನೆಯ ಫೋನಿಗೆ ಬರೋಣ.

"ನೀವು ಮೂಡಿಗೆರೆ ಕಡೆಯ ಪತ್ರಕರ್ತರಲ್ವಾ? ನಿಮ್ಮ ಪತ್ರಿಕೆಯವರು ಈ ನಂಬರ್ ಕೊಟ್ಟರು. ನಮ್ಮ ವಿಭಾಗಕ್ಕೆ ಒಂದು ಯೋಜನೆ ಬಂದಿದೆ. ಸ್ಥಳೀಯ ಆಚರಣೆಗಳ ಬಗ್ಗೆ. ಸಂಸೆ ಹತ್ತಿರ ಹೂ ಕೇಳೋ ದೇವಸ್ಥಾನ ಇದೆ ಅಂತ ಹಿಂದೆ ಯಾರೋ ಹೇಳಿದ ನೆನಪು. ಅಲ್ಲಿನ ಭಟ್ಟರ ನಂಬರ್ ಕೊಡಿಸ್ತೀರಾ?"

ಯಾರೋ! ಧ್ವನಿ ಏರಿಸಲಿಲ್ಲ, ಏರಿಸಿದರೆ ಉತ್ತರ ಸಿಗುವುದಿಲ್ಲವೆಂದು ಕಸುಬು ಕಲಿಸಿದೆ.

"ಆ ಯಾರೋ ನಾನೇ, ಸರ್. ನೀವು ನನ್ನ ಸಂದರ್ಶನ ಮಾಡಿದ್ರಿ. ಫಲಿತಾಂಶ ಇನ್ನೂ ಬಂದಿಲ್ಲ. ಏನಾಯ್ತು?"

ಆ ಕಡೆ ಬರೀ ಗಂಟಲು. "ಓಹ್... ಆಫೀಸಿನವರು ತಿಳಿಸಿರಬೇಕಲ್ಲಮ್ಮ."

"ತಿಳಿಸಿಲ್ಲ."

"ಆಯ್ಕೆ ಆಗಿರಲಿಲ್ಲ ಅಂತ ಕಾಣುತ್ತೆ."

"ಕಾಣುತ್ತೆ ಅಂತ ಬರೆಯೋಕಾಗಲ್ಲ ಸರ್. ಹೌದಾ, ಇಲ್ಲವಾ?"

"ಇಲ್ಲ" ಎಂದರು.

ಅಷ್ಟೇ. ಇಷ್ಟು ಚಿಕ್ಕ ಪದವನ್ನು ನನಗೆ ಕೊಡದೆ ಇಟ್ಟುಕೊಂಡಿದ್ದರು. ಅಳು ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಹಗುರವೂ ಆಗಲಿಲ್ಲ. ಸಿಟ್ಟಿಗೆ ಮಾತ್ರ ಕೊನೆಗೂ ನಿಲ್ಲಲು ಒಂದು ನೆಲ ಸಿಕ್ಕಿತು.

"ಬೇಜಾರು ಮಾಡ್ಕೋಬೇಡಿ. ಆ ಭಟ್ಟರ ನಂಬರ್..."

"ಆ ವಿಷಯದ ಮೇಲೆ ಈಗಾಗಲೇ ಕೆಲಸ ನಡೀತಿದೆ, ಸರ್."

"ಹೌದಾ? ಯಾರು ಮಾಡ್ತಿದ್ದಾರೆ?"

"ನಾನು."

ಫೋನ್ ಇಟ್ಟ ಮೇಲೆ ಲೆಕ್ಕ ಹಾಕಿದೆ. ಆಡಿದ ಮಾತು ಆ ಕ್ಷಣದವರೆಗೆ ನಿಜವಾಗಿರಲಿಲ್ಲ. ಪದವಿಯಿಲ್ಲ, ಮಾರ್ಗದರ್ಶಕರಿಲ್ಲ, ಯಾರ ಒಪ್ಪಿಗೆಯೂ ಇಲ್ಲ. ಆದರೆ ಸುಳ್ಳು ಸುದ್ದಿ ಕೊಟ್ಟು ಅಭ್ಯಾಸವಿಲ್ಲದವಳು ನಾನು. ಕೊಟ್ಟ ಹೇಳಿಕೆಯನ್ನು ನಿಜ ಮಾಡುವುದೊಂದೇ ದಾರಿ. ಸೋಮವಾರಕ್ಕೆ ರಜೆ ಹಾಕಿದ್ದೇನೆ. ಬಾಳೂರಿಗೆ ಹೋಗಿ ರೈಟರನ್ನು ಕಂಡು, ಮಗಳ ಮದುವೆ ಏನಾಯಿತೆಂದು ಕೇಳಬೇಕು.