ಮೇಟ್ರನ್ ವಾಪಸ್ ಕೇಳಿದ ರಜೆ ಅರ್ಜಿ

ಅಂಗೈಯಿಂದ ಮೊಣಕೈವರೆಗೆ ಅವರ ಎಡಗೈ ತುಂಬ ನೀಲಿ ಪೆನ್ನಿನ ಬರಹ. ಯಾವ ವಾರ್ಡಿನಲ್ಲಿ ಎಷ್ಟು ನರ್ಸ್ ಕಡಿಮೆ, ಯಾರಿಗೆ ಜ್ವರ, ಯಾರ ಇಕಾಮಾ, ಅಂದರೆ ಅಲ್ಲಿ ವಾಸದ ಪರವಾನಗಿ, ಮುಗಿಯುತ್ತದೆ. ರೋಗಿಯನ್ನು ಮುಟ್ಟುವ ಮುಂಚೆ ಕೈ ತೊಳೆದಾಗ ಅಳಿಸುತ್ತಿತ್ತು, ಮತ್ತೆ ಬರೆಯುತ್ತಿದ್ದರು.

"ಪುಸ್ತಕ ಇಲ್ವಾ ಅಕ್ಕ?" ಎಂದು ಕೇಳಿದ್ದೆ.

"ಪುಸ್ತಕ ಎಲ್ಲಿಟ್ಟೆ ಅಂತ ನೆನಪು ಬೇಕಲ್ಲ ಮಾರಾಯ."

ಸೌದಿಯ ಬುರೈದಾದ ಆ ಆಸ್ಪತ್ರೆಗೆ ಅವರು ಮೇಟ್ರನ್, ಉಡುಪಿ ಕಡೆಯವರು. ನಾನು ಕೆಳಗೆ ಔಷಧ ವಿಭಾಗದಲ್ಲಿದ್ದೆ. ಎರಡು ಸಾವಿರದ ಹದಿನಾಲ್ಕೋ ಹದಿನೈದೋ, ಖಚಿತವಿಲ್ಲ. ಪಾಳಿಗೆ ಯಾರೂ ಸಿಗದಿದ್ದರೆ ಪಟ್ಟಿಯಲ್ಲಿ ತಮ್ಮ ಹೆಸರನ್ನೇ ತುಂಬಿಸುತ್ತಿದ್ದರು. ಉಳಿದವರನ್ನೆಲ್ಲ ಊರಿಗೆ ಕಳಿಸಿ, ತಾವು ಮೂರು ವರ್ಷ ಹೋಗಿರಲಿಲ್ಲ.

ಒಂದು ಬೆಳಿಗ್ಗೆ ನನ್ನ ಕಿಟಕಿಗೆ ಬಂದು ಒಂದೇ ಇಂಜೆಕ್ಷನನ್ನು ಎರಡನೇ ಸಲ ಕೇಳಿದರು. ಮೊದಲನೆಯದು ಅವರ ಕೋಟಿನ ಕಿಸೆಯಲ್ಲೇ ಇತ್ತು. ನಾನು ನಕ್ಕೆ. ಅವರು ನಗಲಿಲ್ಲ.

"ಇವತ್ತು ಕಿಸೆಯಲ್ಲಿ ಮರೆತೆ. ನಾಳೆ ಯಾರಿಗಾದ್ರೂ ಎರಡು ಸಲ ಚುಚ್ಚಿದ್ರೆ?"

ಆ ಗುರುವಾರ ಸಂಜೆ ಒಂದು ಲಕೋಟೆ ತಂದರು. ಅಲ್ಲಿ ಆಫೀಸಿಗೆ ಶುಕ್ರವಾರ, ಶನಿವಾರ ರಜೆ. ಒಳಗೆ ಅವರದೇ ಒಂದು ತಿಂಗಳ ರಜೆ ಅರ್ಜಿ. ಹಿಂದಿನ ಎರಡನ್ನು ತಾವೇ ಹರಿದು ಹಾಕಿದ್ದರಂತೆ.

"ಭಾನುವಾರ ಆಫೀಸು ತೆರೆದ ಕೂಡಲೇ ಕೊಡು. ನಾನು ವಾಪಸ್ ಕೇಳ್ತೇನೆ, ನಂಗೆ ಗೊತ್ತುಂಟು. ಕೊಡ್ಬೇಡ."

"ಬೈದ್ರೆ?"

"ಬೈಸ್ಕೋ. ಅದರಿಂದ ನೀನೇನು ಸಾಯುದಿಲ್ಲ."

ಭಾನುವಾರ ನನಗಿಂತ ಮೊದಲೇ ಅವರು ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಐಸಿಯುವಿನ ಇಬ್ಬರು ನರ್ಸ್‌ಗಳು ಅಂದೇ ರಾಜೀನಾಮೆ ಕೊಟ್ಟಿದ್ದರು.

"ಕೊಡು ಅದನ್ನು."

"ಕೊಡ್ಬೇಡ ಅಂದದ್ದು ನೀವೇ ಅಲ್ವಾ?"

"ಎಂತ, ತಮಾಷೆಯಾ ನಿಂಗೆ? ಮೇಟ್ರನ್ ಕೇಳ್ತಿದ್ದೇನೆ."

‘ಆಗುವುದಿಲ್ಲ’ ಎಂದು ಒಮ್ಮೆ ಹೇಳಿದೆನೆಂದು ನನ್ನ ನೆನಪು. ಎರಡು ಸಲ ಎಂದು ಬೇರೆಯವರಲ್ಲಿ ಹೇಳಿಕೊಂಡದ್ದೂ ಇದೆ.

ಹತ್ತು ದಿನಗಳ ಬಳಿಕ, ಹಾಸ್ಟೆಲಿನಿಂದ ಬಂದ ಬೆಳಗಿನ ಪಾಳಿಯ ಬಸ್ಸಿನಿಂದ ಎಲ್ಲರೂ ಇಳಿದರು, ಅವರು ಇಳಿಯಲಿಲ್ಲ. ಪಾಪ, ನಿದ್ದೆ ಬಂದಿದೆ ಎಂದು ಡ್ರೈವರ್ ಎ.ಸಿ. ಆರಿಸದೆ ಸ್ವಲ್ಪ ಹೊತ್ತು ಕಾಯ್ದನಂತೆ. ಆಸ್ಪತ್ರೆಯ ಬಾಗಿಲಲ್ಲೇ ನಿಂತ ಬಸ್ಸಿನೊಳಗೆ ಅವರ ಹೃದಯ ಆಗಲೇ ನಿಂತಿತ್ತು.

ಆ ಭಾನುವಾರ ಲಕೋಟೆಗಾಗಿ ಚಾಚಿದ ಎಡಗೈಯಲ್ಲಿ, ವಾರ್ಡುಗಳ ಲೆಕ್ಕದ ನಡುವೆ, ‘ಅರ್ಜಿ ವಾಪಸ್ ಕೇಳಬಾರದು’ ಎಂದು ಕನ್ನಡದಲ್ಲಿ ಬರೆದಿತ್ತು. ತೊಳೆದು ಮಾಸಿದ ಮೇಲೆ ಮತ್ತೆ ತಿದ್ದಿದ ಅಕ್ಷರಗಳು. ಅದನ್ನು ಆಗಲೇ ಓದಿದೆನೋ, ಆಮೇಲೆ ನಾನೇ ಅವರ ಕೈಮೇಲೆ ಬರೆದುಕೊಂಡೆನೋ, ಹೇಳಲಾರೆ. ಲಕೋಟೆಯನ್ನು ಆ ಕೈಗೆ ಕೊಟ್ಟದ್ದರಲ್ಲಿ ಮಾತ್ರ ಸಂಶಯವಿಲ್ಲ.