ಕನ್ನಡ ಕೇಳಿ ಓಡಿದ ತರಗತಿ

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಮಕ್ಕಳಿಗೆ ಅವರ ಮನೆಮಾತಿನಲ್ಲೇ ಪಾಠ ಹೇಳುವುದನ್ನು ಮಾಸ್ತರರಿಗೆ ಕಲಿಸುವ ಕೆಲಸ ನನ್ನದು. ಕುರುಗೋಡಿನ ಹತ್ತಿರ ಒಂದು ಶಾಲೆ. ಮಕ್ಕಳೆಲ್ಲ ಕನ್ನಡದವರು, ಹಿರಿಯ ಮಾಸ್ತರರ ಪಾಠ ಮಾತ್ರ ಮೊದಲಿಂದಲೂ ತೆಲುಗಿನಲ್ಲಿ.

"ಇವತ್ತು ಕನ್ನಡದಾಗ ಶುರು ಮಾಡ್ರಿ," ಎಂದೆ.

ಅವರು ಗಂಟಲು ಸರಿಮಾಡಿಕೊಂಡು, "ಕೇಳ್ರಲೇ, ನಮ್ಮೂರ ಹಳ್ಳ..." ಎನ್ನುವಷ್ಟರಲ್ಲಿ ಇಡೀ ತರಗತಿ ಪಾಟಿ ಬಗಲಿಗೇರಿಸಿ ಹೊರಗೆ ಓಡಿತು! ನಾನು ಮಾಸ್ತರರತ್ತ ತಿರುಗಿದೆ.

"ಏನ್ರಿ ಇದು?"

"ನಾ ಇಲ್ಲಿ ಕನ್ನಡ ಆಡೋದು ಸಾಲಿ ಬಿಟ್ಟಾಗ ಅಷ್ಟೇರಿ, 'ಮನಿಗೆ ಹೋಗ್ರಿ' ಅಂತ," ಎಂದ ಮಾಸ್ತರರು ಬಾಗಿಲಿಗೆ ಹೋಗಿ ತೆಲುಗಿನಲ್ಲಿ ಒಮ್ಮೆ ಗದರಿದರು. ಎಲ್ಲರೂ ತಿರುಗಿ ಬಂದು ಕೈಕಟ್ಟಿ ಕೂತರು.

ಮೇಲಿನವರಿಗೆ ವರದಿ ಬರೆದೆ: "ಕನ್ನಡ ಕೇಳಿದ ತಕ್ಷಣ ಮಕ್ಕಳಲ್ಲಿ ಭಾರಿ ಉತ್ಸಾಹ ಕಂಡುಬಂದಿತು." ಸುಳ್ಳೇನೂ ಅಲ್ಲವಲ್ಲ.