ಫಾರಂನಲ್ಲಿ ಬರೆದ ‘ಇಲ್ಲ’

ಕಳೆದ ವಾರ ಹಲ್ಲುನೋವಿಗೆಂದು ಲವಂಗದ ಎಣ್ಣೆಯ ಶೀಶೆ ತೆರೆದೆ. ಆ ವಾಸನೆಗೆ ದೇವನಹಳ್ಳಿ ಹತ್ತಿರದ ವಿಜಯಪುರದ ನಮ್ಮ ಎದುರುಮನೆ ಅಕ್ಕ ನೆನಪಾದರು... ಕೊನೆಕೊನೆಗೆ ಅವರ ಕೋಣೆಯೆಲ್ಲ ಇದೇ ವಾಸನೆ.

ಅಕ್ಕ ಮನೆಯ ಹಿಂದೆ ರೇಷ್ಮೆ ನೂಲು ಬಿಚ್ಚುವ ಕೆಲಸ ನಡೆಸುತ್ತಿದ್ದರು. ಸ್ತನ ಕ್ಯಾನ್ಸರ್ ಆಗಿ ಬೆಂಗಳೂರಿನಲ್ಲಿ ಆಪರೇಷನ್ ಆಗಿತ್ತು. ಆಮೇಲೆ ಅದು ಮೂಳೆಗೂ ಹಬ್ಬಿ, ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರು. ಬೀದಿಗೆಲ್ಲ ಗರ್ಭಕೋಶದ ತೊಂದರೆ ಎಂದು ಹೇಳಿಯಾಗಿತ್ತು. ಮನೆಯವರನ್ನು ಬಿಟ್ಟರೆ ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ. ಮಗಳಿಗೆ ಸಂಬಂಧ ಕೂಡಿಬಂದಿತ್ತು. ತಾಯಿಗೆ ಕ್ಯಾನ್ಸರ್ ಎಂದು ತಿಳಿದರೆ ಗಂಡಿನ ಕಡೆಯವರು ಹಿಂದೆ ಸರಿಯುತ್ತಾರೆಂಬ ಭಯ.

ಅಕ್ಕನ ಮುಂದಿನ ಎರಡು ಹಲ್ಲು ಬಿದ್ದುಹೋಗಿದ್ದವು. ನಿಶ್ಚಿತಾರ್ಥಕ್ಕೆ ಬೊಚ್ಚುಬಾಯಲ್ಲಿ ನಿಲ್ಲಲಾರೆ ಎಂದು ಹಟ ಹಿಡಿದು ದೇವನಹಳ್ಳಿಯ ಹಲ್ಲಿನ ಡಾಕ್ಟರ ಬಳಿ ಹೊರಟರು. ಜೊತೆಗೆ ನಾನು. ದವಡೆಗೆ ಸ್ಕ್ರೂ ಕೂರಿಸಿ ಹಲ್ಲು ಕಟ್ಟುತ್ತೇನೆ ಎಂದರು ಡಾಕ್ಟರು. ನನಗೋ ಹುಟ್ಟಿದಾಗಿನಿಂದ ಅನುಮಾನದ ಬುದ್ಧಿ. ಸ್ಕ್ರೂ ಅಸಲಿಯೋ ನಕಲಿಯೋ, ಆ ಇಕ್ಕಳ ಯಾರ ಬಾಯಿಂದ ಬಂದದ್ದೋ ಎಂದು ಕಣ್ಣು ಕೀಲಿಸಿ ಕೂತೆ. ಫಾರಂ ತುಂಬಿದವಳೂ ನಾನೇ. ಬೇರೆ ಕಾಯಿಲೆ ಇದೆಯೇ ಎಂಬಲ್ಲಿಗೆ ಬಂದಾಗ ಅಕ್ಕ ನನ್ನ ಮುಂಗೈ ಚಿವುಟಿದರು.

“ಇಲ್ಲ ಅಂತ ಬರಿ ಕಣೇ. ಕೌಂಟರ್‌ನಲ್ಲಿ ಕೂತಿರೋಳು ಗಂಡಿನ ಸೋದರತ್ತೆ.”

ಬರೆದೆ.

ನಿಶ್ಚಿತಾರ್ಥದಲ್ಲಿ ಅಕ್ಕ ಬಾಯಿ ತುಂಬ ನಕ್ಕರು. ಮದುವೆಯೂ ಆಯಿತು. ಆದರೆ ಒಸಡು ಮಾಯಲಿಲ್ಲ. ಕೀವು ತುಂಬಿತು, ಸ್ಕ್ರೂ ಅಲುಗಾಡಿತು, ಆಮೇಲೆ ದವಡೆಯ ಮೂಳೆಯೇ ಹೊರಗೆ ಕಾಣತೊಡಗಿತು. ಮುದ್ದೆ ನುಂಗುತ್ತಿದ್ದವರು ಗಂಜಿಗೆ ಇಳಿದರು. ನಕಲಿ ಸ್ಕ್ರೂ ಎಂದು ಬೀದಿಗೆಲ್ಲ ಹೇಳಿದೆ. ಅಷ್ಟಕ್ಕೂ ಸಮಾಧಾನವಾಗದೆ ಡಾಕ್ಟರ ಬಳಿ ಜಗಳಕ್ಕೇ ಹೋದೆ.

“ಕ್ಯಾನ್ಸರ್ ಇರೋರ ಬಾಯನ್ನ ಹೀಗೆ ಕೆಡಿಸಿದ್ರಲ್ಲ, ನಿಮಗೆ ಮನಸ್ಸಾದ್ರೂ ಹೇಗೆ ಬಂತು?” ಎಂದು ಕೂಗಿದೆ.

ಡಾಕ್ಟರು ತಟ್ಟನೆ ತಲೆಯೆತ್ತಿದರು. “ಕ್ಯಾನ್ಸರಾ? ಮೂಳೆಗೆ ಇಂಜೆಕ್ಷನ್ ಏನಾದ್ರೂ ತಗೋತಿದ್ರಾ?” ನಾನು ಹೂಂ ಎಂದೆ. ಅವರು ಫಾರಂ ತೆಗೆದು ನನ್ನ ಮುಂದಿಟ್ಟರು. “ಅದನ್ನ ತಗೊಳ್ಳೋರಿಗೆ ದವಡೆ ಗಾಯ ಮಾಯೋದೇ ಕಷ್ಟಮ್ಮ. ಒಂದು ಮಾತು ಹೇಳಿದ್ರೆ ನಾನು ಸ್ಕ್ರೂ ಹಾಕ್ತಾನೇ ಇರ್ಲಿಲ್ಲ.”

ಅಕ್ಕನಿಗೆ ಇದನ್ನು ಹೇಳಲು ನನಗೆ ಧೈರ್ಯವಾಗಲಿಲ್ಲ... ಅವರನ್ನು ಒಯ್ದದ್ದು ಕ್ಯಾನ್ಸರೇ. ಆದರೆ ಕೊನೆಯ ವರ್ಷ ಒಂದು ತುತ್ತನ್ನೂ ಅವರು ನೆಮ್ಮದಿಯಾಗಿ ತಿನ್ನಲಿಲ್ಲ.

ಮೊನ್ನೆ ಅಕ್ಕನ ಮಗಳು ಬಂದಿದ್ದಳು. “ಆ ಡಾಕ್ಟ್ರು ನಮ್ಮಮ್ಮನ ಬಾಯಿ ಕೆಡಿಸ್ಬಿಟ್ರು ಅಲ್ವಾ ಆಂಟಿ?” ಎಂದಳು. ನಾನು ಹೌದಮ್ಮ ಎಂದೆ.